ಹಳೆಯ ಪುಟಗಳನ್ನು ತೆಗೆದ ಮಳೆಗಾಲ

ಮೊನ್ನೆ ಪಿರಿಯಾಪಟ್ಟಣದಿಂದ ಬರುವಾಗ ಬಸ್ಸಿನ ಕಿಟಕಿ ಮುಚ್ಚಲು ಆಗಲಿಲ್ಲ. ಗಾಜು ಜಾರುವ ಸಂದಿಗೆ ಯಾರೋ ರಟ್ಟು ತುರುಕಿದ್ದರು. ಹನಿಗಳ ಜೊತೆಗೆ ಹೊಗೆಸೊಪ್ಪು ಬೇಯುವ ವಾಸನೆಯೂ ಒಳಗೆ ಬಂತು. ಈ ಕಡೆ ಹುಟ್ಟಿ ಬೆಳೆದವರಿಗೆ ಅದೇನೂ ವಿಶೇಷವಲ್ಲ. ಶ್ರಾವಣ ಹಿಡಿಯಿತೆಂದರೆ ರಸ್ತೆಯ ಎರಡೂ ಬದಿಯ ಬ್ಯಾರನ್‌ಗಳಲ್ಲಿ, ಅಂದರೆ ಸೊಪ್ಪು ಹದಮಾಡುವ ಎತ್ತರದ ಗೋಡೆಯ ಮನೆಗಳಲ್ಲಿ, ಒಲೆ ಹತ್ತುತ್ತದೆ. ಆಮೇಲೆ ಎರಡು ಮೂರು ತಿಂಗಳು ಒಗೆದ ಬಟ್ಟೆಗೂ ಹಾಲಿನ ಪಾತ್ರೆಗೂ ಆ ಬಿಸಿ ವಾಸನೆ ಅಂಟಿಕೊಂಡೇ ಇರುತ್ತದೆ. ನನಗೆ ಮಾತ್ರ ನಾಲ್ಕು ವರ್ಷಗಳಿಂದೀಚೆಗೆ ಆ ವಾಸನೆ ಬಂದ ಕೂಡಲೇ ಜಯಮ್ಮ ಸಿಸ್ಟರ್ ದನಿ ಕೇಳಿಸುತ್ತದೆ. "ಸವಿತಾ, ಆ ಪುಟನೇ ಬತ್ತಿಲ್ಲ ಕಣವ್ವ."

ಪಕ್ಕದಲ್ಲಿ ಕೂತಿದ್ದ ಹೆಂಗಸು "ಯಾಕ್ರೀ, ತಲೆ ನೋವಾ?" ಎಂದು ಕೇಳಿದರು. ಇಲ್ಲ ಎಂದೆ.

ಆ ವರ್ಷ ನನಗೆ ಮೂವತ್ತಾರು. ಹುಣಸೂರಿನ ಒಂದು ಕಾಲೇಜಿನಲ್ಲಿ ಏಳು ವರ್ಷ ಕಂಪ್ಯೂಟರ್ ಪಾಠಕ್ಕೆ ಅತಿಥಿ ಉಪನ್ಯಾಸಕಿಯಾಗಿದ್ದೆ. ಅತಿಥಿ ಅಂದಮೇಲೆ ಪ್ರತಿ ವರ್ಷ ಅವರಾಗಿ ಕರೆಯಬೇಕು. ಆ ವರ್ಷ ಕರೆಯಲಿಲ್ಲ. ಕಟ್ಟೆಮಳಲವಾಡಿಯ ಗಂಡನ ಮನೆಯಲ್ಲಿ ಸುಮ್ಮನೆ ಕೂರುವವರು ಯಾರೂ ಇರಲಿಲ್ಲ. ಗಂಡ ಮಂಜು ಹೊಲ, ಬ್ಯಾರನ್ ಅಂತ ಓಡಾಡುತ್ತಿದ್ದರು; ಅತ್ತೆ ಕಡ್ಡಿಗೆ ಸೊಪ್ಪು ಕಟ್ಟುವ ಹೆಂಗಸರ ಜೊತೆ ಬೆಳಗಿನಿಂದ ಸಂಜೆಯವರೆಗೆ ಕೂರುತ್ತಿದ್ದರು. ನಾನು ಎರಡು ದಿನ ಅವರ ಜೊತೆ ಕೂತೆ. ಅಂಟಿನಿಂದ ಕೈ ಕಪ್ಪಾಗಿ, ವಾಂತಿ ಬಂದು, ಮೂರನೇ ದಿನ ಅತ್ತೆಯೇ "ನೀ ಬ್ಯಾಡ ಬುಡು, ವಾಲಾಡ್ತೀಯ" ಎಂದು ಎಬ್ಬಿಸಿ ಕಳಿಸಿದರು.

ಜಯಮ್ಮ ಸಿಸ್ಟರ್ ನನಗೆ ಪರಿಚಯವಾದದ್ದು ಅದಕ್ಕೆ ಎರಡು ವರ್ಷ ಮೊದಲು. ಕಾಲೇಜಿನ ಮಕ್ಕಳನ್ನು ಶಿಬಿರಕ್ಕೆಂದು ಎಚ್.ಡಿ. ಕೋಟೆಯ ಕಾಡಂಚಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಎಂಟು ಹಾಸಿಗೆಯ ಒಂದು ಧರ್ಮಾಸ್ಪತ್ರೆ. ಒಬ್ಬ ಡಾಕ್ಟರು, ಇಬ್ಬರು ಸಿಸ್ಟರುಗಳು. ಸುತ್ತಲಿನ ಆದಿವಾಸಿ ಹಾಡಿಗಳ ಜನ ಅಲ್ಲಿಗೇ ಬರುತ್ತಿದ್ದರು. ಜಯಮ್ಮನವರಿಗೆ ಐವತ್ತು ದಾಟಿತ್ತು, ಪಿರಿಯಾಪಟ್ಟಣದ ಕಡೆಯವರು. ಅವರ ಕೋಣೆಯಲ್ಲಿ ರಿಜಿಸ್ಟರುಗಳು ಸೂರಿನವರೆಗೆ ಪೇರಿಸಿದ್ದವು. ಕೆಳಗಿನ ಸಾಲನ್ನು ಗೆದ್ದಲು ತಿಂದಿತ್ತು. "ಹಳೇದು ಬೇಕೂಂದ್ರೆ ಗೆದ್ಲುನ್ನ ಕೇಳ್ಬೇಕು" ಎಂದು ನಕ್ಕರು.

ನನಗೆ ಒಂದು ತಂತ್ರಾಂಶ ಗೊತ್ತಿತ್ತು. ಸಣ್ಣ ಆಸ್ಪತ್ರೆಗಳು ರೋಗಿಗಳ ವಿವರ ಇಟ್ಟುಕೊಳ್ಳಲೆಂದು ಹತ್ತಾರು ದೇಶದ ಜನ ಸೇರಿ ಬರೆದದ್ದು. ಓಪನ್ ಸೋರ್ಸ್; ಯಾರು ಬೇಕಾದರೂ ಹಾಕಿಕೊಳ್ಳಬಹುದು, ಒಳಗಡೆ ಬಿಚ್ಚಿ ನೋಡಬಹುದು, ತಿದ್ದಲೂಬಹುದು. ಅದನ್ನು ಆಸ್ಪತ್ರೆಯ ಒಂದೇ ಕಂಪ್ಯೂಟರಿಗೆ ಹಾಕಿಕೊಟ್ಟೆ. ಅರ್ಧ ದಿನದ ಕೆಲಸಕ್ಕೆ ಒಂದು ವಾರ ಹಿಡಿಯಿತು. ಅದರ ಕೈಪಿಡಿ ಅಷ್ಟು ಕೆಟ್ಟದಾಗಿತ್ತು. ಒಂದು ಪುಟ ಹೇಳಿದ್ದನ್ನು ಇನ್ನೊಂದು ಪುಟ ಇಲ್ಲ ಎನ್ನುತ್ತಿತ್ತು. ಮನೆಗೆ ಬಂದು ನಾನು ಎಡವಿದ ಕಡೆಯನ್ನೆಲ್ಲ ಬರೆದು ಅವರಿಗೆ ಕಳಿಸಿದೆ. ನೈರೋಬಿಯಿಂದ ಗ್ರೇಸ್ ಎಂಬಾಕೆ ಉತ್ತರ ಬರೆದಳು. ಆ ತಂತ್ರಾಂಶದ ಕೈಪಿಡಿಯ ಜವಾಬ್ದಾರಿ ಅವಳದು. ಹೀಗೆ ಶುರುವಾದ ಪತ್ರವ್ಯವಹಾರ ನಡೆಯುತ್ತಲೇ ಇತ್ತು. ಕಾಲೇಜಿನವರು ಕರೆಯದ ವರ್ಷ ಅವಳೇ ಕೇಳಿದಳು: ಆರು ತಿಂಗಳು ಕೂತು ಇಡೀ ಕೈಪಿಡಿಯನ್ನು ಒಂದು ಕ್ರಮಕ್ಕೆ ತರುತ್ತೀಯಾ?

ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಯನ್ನು ಮುಚ್ಚಿಟ್ಟುಕೊಂಡು ಬರೆದರೆ ಈ ಕಥೆ ಅರ್ಧ ಸುಳ್ಳಾಗುತ್ತದೆ.

ಕೆಲಸಕ್ಕೆ ಕೂತಾಗ ತಲೆ ತಿರುಗಿತು. ಸಾವಿರಾರು ಪುಟಗಳು ಇಂಟರ್ನೆಟ್ಟಿನಲ್ಲಿ ನಾಲ್ಕು ಕಡೆ ಚೆದುರಿದ್ದವು. ಹತ್ತು ವರ್ಷದಿಂದ ಯಾರ್ಯಾರೋ ಬರೆದು ಬಿಟ್ಟುಹೋದವು. ಪ್ರೋಗ್ರಾಮ್ ಬರೆಯುವವರು, ಡಾಕ್ಟರುಗಳು, ಪರೀಕ್ಷೆಗೆಂದು ಬರೆದ ವಿದ್ಯಾರ್ಥಿಗಳು. ರೋಗಿಯ ಹೆಸರು ತಿದ್ದುವುದು ಹೇಗೆ ಎಂಬುದಕ್ಕೇ ಏಳು ಪುಟ. ಏಳೂ ಸರಿ, ಆದರೆ ತಂತ್ರಾಂಶದ ಏಳು ಬೇರೆ ಬೇರೆ ಆವೃತ್ತಿಗಳಿಗೆ. ಯಾವುದು ಯಾವ ಆವೃತ್ತಿಗೆ ಎಂದು ಯಾರೂ ಬರೆದಿರಲಿಲ್ಲ. ಬರೆದವರಿಗೆ ಮೇಲ್ ಹಾಕಿದರೆ ಅರ್ಧದಷ್ಟು ವಾಪಸ್ ಬರುತ್ತಿದ್ದವು.

ಪರದೆಯ ಮೇಲೆ ಲೆಕ್ಕ ಸಿಗದೆ ಒಂದೊಂದು ಪುಟಕ್ಕೆ ಒಂದೊಂದು ಚೀಟಿ ಬರೆದು ನಡುಮನೆಯ ಗೋಡೆಗೆ ಅಂಟಿಸತೊಡಗಿದೆ. ಆಸ್ಪತ್ರೆಯವರಿಗೆ ಬೇಕಾದ್ದು ಹಳದಿ, ಪ್ರೋಗ್ರಾಮ್ ಬರೆಯುವವರಿಗೆ ಬೇಕಾದ್ದು ನೀಲಿ, ತೆಗೆಯಬೇಕಾದ್ದು ಬಿಳಿ. ಒಂದು ವಾರಕ್ಕೆ ಬಿಳಿಯೇ ಹೆಚ್ಚಾಯಿತು. ಸಂಜೆ ಕೈತೊಳೆದು ಬಂದ ಅತ್ತೆ ಗೋಡೆ ನೋಡಿ ನಿಂತರು.

"ಏನವ್ವಾ ಇದು, ಗ್ವಾಡೆ ತುಂಬ ಚೀಟಿ?"

"ಯಾವ್ದು ಇಟ್ಕೋಬೇಕು, ಯಾವ್ದು ತೆಗೀಬೇಕು ಅಂತ ನೋಡ್ತಿದೀನಿ ಅತ್ತೆ."

"ಬರ್ದೋರ್ನೇ ಕೇಳ್ಬಾರ್ದಾ?"

"ಬರ್ದೋರು ಇಲ್ಲ. ಬಿಟ್ಟೋಗವ್ರೆ."

"ಬರ್ದು ಬುಟ್ಟೋಗಿ ನಿನ್ ತಲೆಗ್ ಕಟ್ಟವ್ರೆ ಅನ್ನು." ಅತ್ತೆ ಒಂದು ಬಿಳಿ ಚೀಟಿಯನ್ನು ಬೆರಳಲ್ಲಿ ಮುಟ್ಟಿದರು. "ಇದ್ನ ತೆಗುದ್ರೆ ಯಾರ್ಗೂ ಏನೂ ಆಗಲ್ವಾ?"

"ಆಗಲ್ಲ, ಹಳೇದು" ಎಂದೆ.

ಬಿಳಿ ಚೀಟಿಗಳಲ್ಲಿ ಒಂದು ಪುಟ ನನಗೆ ಇಂದಿಗೂ ಬಾಯಿಪಾಠ. ಕಂಪ್ಯೂಟರ್ ಕೆಟ್ಟು ಎಲ್ಲ ಹೋದಾಗ ಬ್ಯಾಕಪ್ಪಿನಿಂದ, ಅಂದರೆ ಬೇರೆ ಡಿಸ್ಕಿನಲ್ಲಿ ತೆಗೆದಿಟ್ಟ ಪ್ರತಿಯಿಂದ, ಅದನ್ನು ಮರಳಿ ತರುವುದು ಹೇಗೆ ಎಂಬ ಪುಟ. ಬರೆದವರು ಯಾವುದೋ ದೇಶದ ಹಿರಿಯ ನರ್ಸ್. ಇಂಗ್ಲಿಷ್ ಅವರ ಭಾಷೆಯಲ್ಲ ಎಂಬುದು ಓದಿದರೆ ತಿಳಿಯುತ್ತಿತ್ತು. ಬೇರೆ ಪುಟಗಳ ಹಾಗೆ ಒಂದು, ಎರಡು, ಮೂರು ಎಂದು ಶುರುವಾಗುತ್ತಿರಲಿಲ್ಲ. "ಹೆದರಬೇಡಿ. ಮೊದಲು ಎಲ್ಲದರಿಂದ ಕೈ ತೆಗೆಯಿರಿ. ಬ್ಯಾಕಪ್ ಡಿಸ್ಕಿನ ವೈರು ಕಿತ್ತು, ನಿಮ್ಮ ಜೇಬಿನಲ್ಲಿ ಇಟ್ಟುಕೊಳ್ಳಿ. ಈಗ ಒಂದು ಲೋಟ ನೀರು ಕುಡಿಯಿರಿ" ಎಂದು ಶುರುವಾಗುತ್ತಿತ್ತು. ನಾನು ಓದಿ ನಕ್ಕಿದ್ದೆ. ಕೈಪಿಡಿಯಲ್ಲಿ ನೀರು ಕುಡಿಯುವ ಮಾತೇಕೆ? ಹೊಸ ಆವೃತ್ತಿಯಲ್ಲಿ ಅದಾವುದೂ ಬೇಕಿರಲಿಲ್ಲ. ಡಿಸ್ಕ್ ಚುಚ್ಚಿ, ಪ್ರೋಗ್ರಾಮ್ ತೆರೆದು, ಒಂದು ಬಟನ್ ಒತ್ತಿದರೆ ಮುಗಿಯಿತು. ಮೂರು ಸಾಲಿನ ಹೊಸ ಪುಟ ಬರೆದು ಹಳೆಯದನ್ನು ಉಗ್ರಾಣಕ್ಕೆ ತಳ್ಳಿದೆ. ಉಗ್ರಾಣ ಅಂದರೆ ಅಳಿಸಿದ ಹಾಗಲ್ಲ. ಎಲ್ಲೋ ಇರುತ್ತದೆ, ಆದರೆ ಹಳೆಯ ವಿಳಾಸ ಒತ್ತಿದರೆ ಸಿಗುವುದಿಲ್ಲ, ಹುಡುಕಿದರೂ ಸಿಗುವುದಿಲ್ಲ.

ಗ್ರೇಸ್ ಒಮ್ಮೆ ಕೇಳಿದ್ದಳು: ಹಳೆಯ ಆವೃತ್ತಿಯನ್ನು ಇನ್ನೂ ಬಳಸುವವರು ಇದ್ದಾರೆಯೇ? ನಾನು ಎಲ್ಲರೂ ಓದುವ ಚರ್ಚೆಯ ಜಾಗದಲ್ಲಿ ಆ ಪ್ರಶ್ನೆ ಹಾಕಿ ಎರಡು ವಾರ ಕಾದೆ. ಯಾರೂ ಮಾತಾಡಲಿಲ್ಲ. ಇಲ್ಲ ಎಂದು ಗ್ರೇಸ್‌ಗೆ ಬರೆದೆ.

ಜಯಮ್ಮನವರ ಕಂಪ್ಯೂಟರಿನಲ್ಲಿ ಇದ್ದದ್ದು ಹಳೆಯ ಆವೃತ್ತಿ. ಹಾಕಿದವಳು ನಾನೇ. ಅದು ನನಗೆ ಮರೆತಿರಲಿಲ್ಲ. ಇನ್ನೊಂದು ಸಲ ಹೋದಾಗ ಹೊಸದು ಹಾಕಿಬರಬೇಕು ಎಂದು ಮನಸ್ಸಿನಲ್ಲಿತ್ತು. ದೀಪಾವಳಿ ಮುಗಿದ ಮೇಲೆ ಒಮ್ಮೆ ಹೋಗಿದ್ದೆ. ಆಮೇಲೆ ಸಂಕ್ರಾಂತಿ, ಯುಗಾದಿ, ಮುಂಗಾರು ಎಂದು ಮುಂದಕ್ಕೆ ಹೋಯಿತು. ದೀಪಾವಳಿಯ ಆ ಸಲ ಹೋದಾಗ ಅವರು ಕೇಳಿದ್ದೂ ನೆನಪಿದೆ: "ಏನಾರ ಕೆಟ್ರೆ ನೋಡ್ಕಳಕ್ಕೆ ಒಂದ್ ಪ್ರಿಂಟ್ ಹಾಕ್ಕೊಡವ್ವ." ನಾನು ಪ್ರಿಂಟ್ ಬೇಡ ಎಂದೆ. ಕಾಗದ ಹಳೆಯದಾಗುತ್ತದೆ, ಪುಟ ಯಾವಾಗಲೂ ಅಲ್ಲೇ ಇರುತ್ತದೆ ಎಂದು ಅವರ ಮೊಬೈಲಿನಲ್ಲಿ ಆ ವಿಳಾಸ ಉಳಿಸಿಕೊಟ್ಟೆ. ರಿಜಿಸ್ಟರಿನಲ್ಲೂ ಬರೆದು ಕಂಪ್ಯೂಟರಿನಲ್ಲೂ ಬರೆದರೆ ತಪ್ಪಾಗುತ್ತದೆ, ರಿಜಿಸ್ಟರ್ ನಿಲ್ಲಿಸಿ ಎಂದೂ ಹೇಳಿದೆ. ಅವರು ನಿಲ್ಲಿಸಿದರು.

ಆ ಮಳೆಗಾಲ ಹೊಳೆಗಳು ಬೇಗ ತುಂಬಿದವು. ಕೋಟೆಯ ಕಡೆ ಒಂದು ಸೇತುವೆಯ ಮೇಲೆ ನೀರು ಹರಿದು ಬಸ್ಸು ನಿಂತಿತೆಂದು ಪೇಪರಿನಲ್ಲಿ ಬಂತು. ನಮ್ಮಲ್ಲಿ ಕರೆಂಟು ಬಂದು ಹೋಗುವುದೇ ಹೆಚ್ಚು. ಸೌದೆ ಒದ್ದೆಯಾಗಿ ಬ್ಯಾರನ್ನಿನ ಕಾವು ನಿಲ್ಲದೆ ಮಂಜು ಊಟಕ್ಕೂ ಬರುತ್ತಿರಲಿಲ್ಲ. ನಾನು ಅವರಿಗೆ ಬುತ್ತಿ ತೆಗೆದುಕೊಂಡು ಹೋಗಿದ್ದ ಒಂದು ಮಧ್ಯಾಹ್ನ ಫೋನ್ ಬಂತು. ಬ್ಯಾರನ್ನಿನ ಹಿಂದಿನ ದಿಣ್ಣೆಯ ಮೇಲೆ ಮಾತ್ರ ನೆಟ್‌ವರ್ಕ್ ಸಿಗುತ್ತಿದ್ದದ್ದು. ತಲೆಗೆ ಗೊಬ್ಬರದ ಚೀಲ ಹೊದ್ದು ಅಲ್ಲಿಗೆ ಓಡಿದೆ.

"ಸವಿತಾ, ಆ ಪುಟನೇ ಬತ್ತಿಲ್ಲ ಕಣವ್ವ" ಎಂದರು ಜಯಮ್ಮ.

"ಯಾವ ಪುಟ ಸಿಸ್ಟರ್?"

"ನೀನೇ ಇಟ್ಕೊಟ್ಟಿದ್ಯಲ್ಲ, ಎಲ್ಲಾ ಅಳ್ಸೋದ್ರೆ ನೋಡ್ಕಳಿ ಅಂತ. ನೆನ್ನೆ ಸಿಡ್ಲು ಒಡೀತು. ಕಂಪ್ಯೂಟ್ರು ಸತ್ತೋಯ್ತು. ಕೋಟೆಯಿಂದ ಒಬ್ಬ್ರು ಬಂದು ಒಳಗ್ಲು ಡಿಸ್ಕ್ ಬದ್ಲಾಯ್ಸಿ, ಪೆನ್‌ಡ್ರೈವಲ್ಲಿದ್ದ ನಿನ್ನ ಪ್ರೋಗ್ರಾಮ್ನೇ ಹಾಕವ್ರೆ. ಬ್ಯಾಕಪ್ಪು ಚೆನ್ನಾಗದೆ ಅಂತೆ. ಮುಂದ್ಕೆ ಏನ್ ಮಾಡ್ಬೇಕು ಅಂತ ನೋಡಾನ ಅಂದ್ರೆ, ಈ ಪುಟ ಇಲ್ಲ ಅಂತದೆ."

ನನ್ನ ಲ್ಯಾಪ್‌ಟಾಪ್ ಮನೆಯಲ್ಲಿ. ಬೆಳಗಿನಿಂದ ಕರೆಂಟಿಲ್ಲ, ಚಾರ್ಜಿಲ್ಲ. ಮೊಬೈಲಿನಲ್ಲಿ ಮಾತೇ ತುಂಡು ತುಂಡಾಗಿ ಕೇಳುತ್ತಿತ್ತು, ಇಂಟರ್ನೆಟ್ ದೂರದ ಮಾತು. "ಸಂಜೆವರ್ಗೂ ತಡೀರಿ" ಎನ್ನಬಹುದಿತ್ತು. ಆ ಒಂದು ಮಾತನ್ನು ನಾನು ಎಷ್ಟು ಸಲ ಹೇಳಿಕೊಂಡಿದ್ದೇನೋ. ಆದರೆ ಮೂರು ತಿಂಗಳಿಂದ ಅದೇ ಪುಟಗಳನ್ನು ಉಂಡು ಮಲಗಿದ್ದವಳು ನಾನು. ನನಗೆ ಗೊತ್ತಿಲ್ಲದ್ದು ಯಾವುದು?

"ಪುಟ ಬೇಡ ಸಿಸ್ಟರ್, ನಾನೇ ಹೇಳ್ತೀನಿ. ಡಿಸ್ಕ್ ಚುಚ್ಚಿ. ಪ್ರೋಗ್ರಾಮ್ ತೆಗೀರಿ. ಬಲಗಡೆ ರಿಸ್ಟೋರ್ ಅಂತ ಇರತ್ತೆ, ಒತ್ತಿ."

"ಚುಚ್ಬುಡ್ಲಾ?"

"ಚುಚ್ಚಿ."

ಸ್ವಲ್ಪ ಹೊತ್ತು ಮಳೆಯ ಸದ್ದು. ಆಮೇಲೆ ಅವರು, "ಪ್ರೋಗ್ರಾಮ್ ತೆಗ್ದೆ ಕಣವ್ವ. ಖಾಲಿ ಬಂತು. ಏನೋ ಹಸ್ರು ಪಟ್ಟಿ ಓಡ್ತಾ ಅದೆ... ಬ್ಯಾಕಪ್ ಕಂಪ್ಲೀಟ್ ಅಂತು" ಎಂದರು.

ನಾನು ಹೇಳಿದ್ದು ಹೊಸ ಆವೃತ್ತಿಗೆ ಬರೆದ ಮೂರು ಸಾಲು; ಅಲ್ಲಿದ್ದದ್ದು ಹಳೆಯದು. ಹಳೆಯ ಆವೃತ್ತಿಯಲ್ಲಿ ಡಿಸ್ಕ್ ಚುಚ್ಚಿಟ್ಟು ಪ್ರೋಗ್ರಾಮ್ ತೆರೆದರೆ ಅದು ತಾನಾಗಿಯೇ ಬ್ಯಾಕಪ್ ತೆಗೆಯುತ್ತದೆ. ಒಳಗೆ ಏನಿದೆಯೋ ಅದನ್ನು ಡಿಸ್ಕಿನಲ್ಲಿದ್ದದ್ದರ ಮೇಲೆ ಬರೆಯುತ್ತದೆ. ಒಳಗೆ ಏನೂ ಇರಲಿಲ್ಲ. ಆ ಖಾಲಿಯನ್ನೇ ಅದು ತುಂಬಿದ ಡಿಸ್ಕಿನ ಮೇಲೆ ಬರೆದು ಮುಗಿಸಿತ್ತು. ವೈರು ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಿ ಎಂದು ಆ ನರ್ಸ್ ಬರೆದದ್ದು ಅದಕ್ಕೆ.

"ಈಗ ರಿಸ್ಟೋರ್ ಒತ್ಲಾ?"

"ಬೇಡ ಸಿಸ್ಟರ್" ಎಂದೆ. "ಏನೂ ಮುಟ್ಬೇಡಿ."

ಬ್ಯಾರನ್ನಿನ ಬಳಿಯಿಂದ ಅತ್ತೆ ಕೂಗುತ್ತಿದ್ದರು, ಮಳೇಲಿ ಯಾಕೆ ನಿಂತಿದ್ದೀಯ ಎಂದು.

ಮಾರನೆಯ ದಿನ ಸೇತುವೆ ತೆರೆದಿತ್ತು. ಹುಣಸೂರಿನಿಂದ ಕೋಟೆಗೆ ಬಸ್ಸು, ಅಲ್ಲಿಂದ ಜೀಪು. ಡಿಸ್ಕಿನಲ್ಲಿ ಅಳಿದದ್ದನ್ನು ಹೊರತೆಗೆಯುವ ಉಪಾಯಗಳನ್ನೆಲ್ಲ ಎರಡು ದಿನ ಮಾಡಿದೆ. ಮೈಸೂರಿನಲ್ಲಿ ಅದೇ ಕೆಲಸ ಮಾಡುವ ಒಬ್ಬರಿಗೂ ತೋರಿಸಿದ್ದಾಯಿತು. ಹರಿದ ಚೂರುಗಳು ಸಿಕ್ಕವು: ಹೆಸರಿಲ್ಲದ ತೂಕಗಳು, ಯಾರದೆಂದು ತಿಳಿಯದ ರಕ್ತಪರೀಕ್ಷೆಗಳು. ಗಟ್ಟಿಯಾಗಿ ಉಳಿದದ್ದು ದೀಪಾವಳಿಯ ನಂತರ ನಾನು ನನ್ನ ಲ್ಯಾಪ್‌ಟಾಪಿಗೆ ತೆಗೆದುಕೊಂಡಿದ್ದ ಒಂದು ಪ್ರತಿ ಮಾತ್ರ. ಅಲ್ಲಿಂದೀಚೆಯದೆಲ್ಲ ಹೋಗಿತ್ತು.

ಜಯಮ್ಮ ಬೈಯಲಿಲ್ಲ. "ಉಣ್ಣು ಮೊದ್ಲು" ಎಂದು ತಟ್ಟೆ ಇಟ್ಟರು. ಡಾಕ್ಟರು ಕೂಡ ಕೋಪ ಮಾಡಲಿಲ್ಲ. ಅವರು ಒಂದೇ ಪ್ರಶ್ನೆ ಕೇಳಿದರು: "ಸಿಕಲ್ ಸೆಲ್ ಮಕ್ಕಳದ್ದೂ ಹೋಯಿತೇ?"

ಆ ಹಾಡಿಗಳಲ್ಲಿ ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ಅದು. ಚಳಿ ಮಳೆಯಲ್ಲಿ ಮೂಳೆ ಮೂಳೆಯೂ ನೋಯುತ್ತದೆ. ಅದಕ್ಕೆ ಒಂದು ಮಾತ್ರೆ ಇದೆ. ತೂಕ ನೋಡಿ, ರಕ್ತ ನೋಡಿ, ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಏರಿಸಬೇಕು. ಎಲ್ಲಿಯವರೆಗೆ ಏರಿಸಿದೆ ಎಂಬುದು ಗೊತ್ತಿದ್ದರೆ ಮಾತ್ರ ಮುಂದಿನದು.

ಹೋಯಿತು ಎಂದೆ.

ಹತ್ತು ದಿನ ಅಲ್ಲೇ ಉಳಿದೆ, ಜಯಮ್ಮನವರ ಕ್ವಾರ್ಟರ್ಸಿನಲ್ಲಿ. ರಕ್ತಪರೀಕ್ಷೆಯ ಕೋಣೆಯಲ್ಲಿ ಹೆಸರಿಲ್ಲದೆ ನಂಬರು ಮಾತ್ರ ಬರೆದ ಒಂದು ಕರಡು ಪುಸ್ತಕವಿತ್ತು. ಔಷಧಿಯ ದಾಸ್ತಾನಿನ ಹಾಳೆಗಳಿದ್ದವು. ಬಂದ ರೋಗಿಗಳ ಬಳಿ ಡಾಕ್ಟರು ಬರೆದ ಚೀಟಿ ಇದ್ದರೆ ಅದನ್ನು ಕೇಳಿ ಇಸಿದುಕೊಂಡು ಸೇರಿಸಿದೆವು. ಹೆಚ್ಚಿನವರ ಬಳಿ ಇರಲಿಲ್ಲ. ನಾಲ್ಕನೆಯ ದಿನ ಬೊಮ್ಮಿ ಎಂಬಾಕೆ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಹುಡುಗಿಗೆ ಒಂಬತ್ತು ವರ್ಷ, ಹೆಸರು ರೋಜಾ. ಅಷ್ಟು ದೊಡ್ಡವಳನ್ನು ಎತ್ತಿಕೊಂಡು ಬರಬೇಕಾದರೆ ಹುಡುಗಿಯ ಮೊಣಕಾಲು ಎಷ್ಟು ನೋಯುತ್ತಿರಬೇಕು.

"ಹೋದ ತಿಂಗಳು ಎಷ್ಟು ಮಾತ್ರೆ ಹೇಳಿದ್ದೆವಮ್ಮ?" ಡಾಕ್ಟರು ಕೇಳಿದರು.

"ಒಂದೇ. ಇಲ್ಲ, ಒಂದು ದಿನ ಒಂದು, ಒಂದು ದಿನ ಎಲ್ಡು" ಎಂದಳು ಬೊಮ್ಮಿ. ಆಮೇಲೆ ಅನುಮಾನ ಬಂದು, "ಅದು ಅದ್ಕ್ ಮುಂಚೆ ಇರ್ಬೇಕು" ಎಂದಳು.

"ಚೀಟಿ ಇದೆಯಾ?"

ಬೊಮ್ಮಿ ಕಂಪ್ಯೂಟರಿನ ಕಡೆ ಕೈ ತೋರಿಸಿದಳು. "ಚೀಟಿ ಬ್ಯಾಡ, ಎಲ್ಲಾ ಆ ಪೆಟ್ಗೇಲಿ ಅದೆ ಅಂದ್ರಲ್ಲ ಸಿಸ್ಟ್ರು. ನೋಡ್ರಿ ಅದ್ರಲ್ಲಿ."

ಪೆಟ್ಟಿಗೆಯ ಮುಂದೆ ಕೂತಿದ್ದವಳು ನಾನು. ಅವಳು ನನ್ನನ್ನೇ ನೋಡುತ್ತಿದ್ದಳು, ನಾನು ನೋಡಿ ಹೇಳುತ್ತೇನೆಂದು. ನಾನು ಸುಮ್ಮನೆ ರೋಜಾಳ ಹೆಸರು ಟೈಪ್ ಮಾಡಿದೆ. ದೀಪಾವಳಿಯ ತೂಕ ಬಂತು, ದೀಪಾವಳಿಯ ಮಾತ್ರೆ ಬಂತು. ಅದರ ಕೆಳಗೆ ಬಿಳಿ.

"ಅದು ಕೆಟ್ಟೋಗದೆ ಬೊಮ್ಮಿ" ಎಂದರು ಜಯಮ್ಮ.

"ಕೆಟ್ರೆ ಅದ್ರೊಳ್ಗೆ ಬರ್ದಿದ್ದೂ ಓಯ್ತದಾ?" ಬೊಮ್ಮಿ ನಿಜವಾಗಿ ಕೇಳಿದಳು, ಅದರಲ್ಲಿ ಆಕ್ಷೇಪ ಇರಲಿಲ್ಲ.

ಗೊತ್ತಿಲ್ಲದೆ ಹೆಚ್ಚು ಕೊಟ್ಟರೆ ರಕ್ತವೇ ಬತ್ತುತ್ತದೆ, ಮತ್ತೆ ಕಡಿಮೆ ಅಳತೆಯಿಂದ ಶುರುಮಾಡುತ್ತೇನೆ ಎಂದರು ಡಾಕ್ಟರು. ಹಾಗೇ ಮಾಡಿದರು. ನಾನು ಊರಿಗೆ ಬಂದ ಮರುವಾರ ಜಯಮ್ಮ ಫೋನ್ ಮಾಡಿ, ರೋಜಾಳಿಗೆ ನೋವು ಜೋರಾಗಿ, ಉಸಿರು ಕಟ್ಟಿ, ಆಂಬುಲೆನ್ಸಿನಲ್ಲಿ ಮೈಸೂರಿಗೆ ಕಳಿಸಿದೆವು ಎಂದರು.

ಮೈಸೂರಿನ ಆಸ್ಪತ್ರೆಗೆ ಹೋಗಿ ನೋಡಿದೆ. ಮೂಗಿಗೆ ನಳಿಕೆ ಇಟ್ಟಿದ್ದರು. ಬೊಮ್ಮಿ ವರಾಂಡದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ನಾನು ಪಕ್ಕದಲ್ಲಿ ಕೂತೆ. ಹೇಳಬೇಕೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ: ಆ ಪುಟ ತೆಗೆದವಳು ನಾನು, ಫೋನಿನಲ್ಲಿ ತಪ್ಪು ಹೇಳಿದವಳೂ ನಾನು. ಹೇಳಿಯೂ ಹೇಳಿದೆ. ಪುಟ ಅಂದರೆ ಏನು, ತೆಗೆಯುವುದು ಅಂದರೆ ಏನು ಎಂದು ವಿವರಿಸಲು ಹೋಗಿ ಮಾತು ಎಲ್ಲೆಲ್ಲೋ ಹೋಯಿತು. ಅವಳು ಕೊನೆಯವರೆಗೆ ಕೇಳಿಸಿಕೊಂಡು, "ಹುಂ. ಅಕ್ಕಾ, ಇಲ್ಲಿ ಬಿಸ್ನೀರು ಎಲ್ಲಿ ಕೊಡ್ತರೆ? ಯಾರ್ನ ಕೇಳುದ್ರೂ ಕೆಳಗೆ ಅಂತರೆ" ಎಂದಳು. ಹೋಗಿ ಬಿಸಿನೀರು ತಂದುಕೊಟ್ಟೆ.

ರೋಜಾ ಹನ್ನೆರಡು ದಿನಕ್ಕೆ ಮನೆಗೆ ಬಂದಳು. ಈಗ ಆಶ್ರಮಶಾಲೆಯಲ್ಲಿ ಓದುತ್ತಿದ್ದಾಳೆ, ಎಡಗಾಲು ಸ್ವಲ್ಪ ಎಳೆಯುತ್ತದೆ. ಮಾತ್ರೆ ಇಳಿಸಿದ್ದರಿಂದಲೇ ಹಾಗಾಯಿತೇ ಎಂದು ಡಾಕ್ಟರನ್ನು ಕೇಳಿದೆ. "ಹೇಳಲಾಗುವುದಿಲ್ಲ. ಆ ಮಳೆಗೆ ಹಾಗೂ ಆಗಬಹುದಿತ್ತು" ಎಂದರು. ಮತ್ತೊಂದು ಸಲ ಕೇಳಿದೆ. ಅದೇ ಉತ್ತರ. ಆಗಿದೆ ಎಂದು ಹೇಳಿದ್ದರೆ ಅಳುತ್ತಿದ್ದೆ, ಆಗಿಲ್ಲ ಎಂದಿದ್ದರೆ ನಿದ್ದೆ ಮಾಡುತ್ತಿದ್ದೆ. ಹೇಳಲಾಗುವುದಿಲ್ಲ ಎಂಬುದನ್ನು ಇಟ್ಟುಕೊಂಡು ಏನು ಮಾಡಬೇಕೋ ನನಗೆ ಈಗಲೂ ತಿಳಿದಿಲ್ಲ.

ಗ್ರೇಸ್‌ಗೆ ಎಲ್ಲ ಹೇಳಿದೆ. ನಿನ್ನೊಬ್ಬಳ ತಪ್ಪಲ್ಲ, ತೆಗೆಯಲು ಒಪ್ಪಿದವಳು ನಾನೂ ಹೌದು ಎಂದಳು. ಚರ್ಚೆಯ ಜಾಗದಲ್ಲಿ ನಡೆದದ್ದನ್ನೆಲ್ಲ ನನ್ನ ಹೆಸರಿನಲ್ಲೇ ಬರೆದೆ. ಕಂಡು ಕೇಳದ ದೇಶಗಳಿಂದ ಸಮಾಧಾನದ ಮಾತುಗಳು ಬಂದವು. ಪ್ರಾಮಾಣಿಕಳು ಎಂದರು, ಧೈರ್ಯಸ್ಥೆ ಎಂದರು. ಒಬ್ಬರು ಮಾತ್ರ, ಎಲ್ಲಿಯ ಆಸ್ಪತ್ರೆಯವರೋ, ಎರಡೇ ಸಾಲು ಬರೆದಿದ್ದರು: ನಮ್ಮಲ್ಲೂ ಇರುವುದು ಆ ಹಳೆಯ ಆವೃತ್ತಿಯೇ. ನಿಮ್ಮ ಪ್ರಶ್ನೆ ನಾವು ನೋಡಲಿಲ್ಲ, ನಮ್ಮಲ್ಲಿ ಇಂಟರ್ನೆಟ್ ವಾರಕ್ಕೊಮ್ಮೆ. ಇನ್ನೂ ಯಾವ ಯಾವ ಪುಟ ತೆಗೆದಿದ್ದೀರಿ?

ಅದನ್ನು ಓದಿ ಎದ್ದು ನಡುಮನೆಗೆ ಹೋಗಿ ಬಿಳಿ ಚೀಟಿಗಳನ್ನು ನೋಡಿದೆ. ಯಾವುದು ಯಾವ ಊರಿನಲ್ಲಿ ಯಾರಿಗೆ ಬೇಕಾಗುತ್ತದೆ? ಚೀಟಿ ನೋಡಿ ಅದನ್ನು ತಿಳಿಯುವುದು ಹೇಗೆ? ಗ್ರೇಸ್ ಒಂದೇ ಮಧ್ಯಾಹ್ನದಲ್ಲಿ ಎಲ್ಲ ಹಳೆಯ ವಿಳಾಸಗಳನ್ನೂ ಮತ್ತೆ ತೆರೆದಳು. ನನ್ನ ಮೂರು ತಿಂಗಳ ಕೆಲಸ ಹೋಗಿ ಕೈಪಿಡಿ ಮೊದಲಿನ ಗೊಂದಲಕ್ಕೇ ಬಂದು ನಿಂತಿತು. ಹಾಗೆ ಮಾಡಿದ್ದೇ ಸರಿ. ಉಳಿದ ತಿಂಗಳು ನಾನು ಮಾಡಿದ್ದು ಇಷ್ಟೇ: ಒಂದೊಂದೇ ಪುಟ ತೆರೆದು, ಆಯಾ ಆವೃತ್ತಿ ಹಾಕಿ, ಪರೀಕ್ಷಿಸಿ, ಇದು ಇಂಥ ಆವೃತ್ತಿಗೆ ಎಂದು ಪುಟದ ಮೇಲ್ತುದಿಯಲ್ಲಿ ಬರೆಯುವುದು. ಆರು ತಿಂಗಳಿಗೆ ಮುಗಿಯಲಿಲ್ಲ. ಇಂದಿಗೂ ಮುಗಿದಿಲ್ಲ. ಆ ನರ್ಸ್‌ಗೆ ಹಾಕಿದ ಮೇಲ್‌ಗೂ ಉತ್ತರ ಬರಲಿಲ್ಲ.

ಮಂಜು ಒಂದು ದಿನ, "ಬೇಕೂಂತ ಮಾಡುದ್ಯಾ? ಇಲ್ವಲ್ಲ. ಬುಡು ಮತ್ತೆ" ಎಂದರು. ಬಿಡುವುದು ಹೇಗೆಂದು ಅವರನ್ನೇ ಕೇಳಬೇಕೆನಿಸಿತು. ಅವರ ಕಣ್ಣುಗಳು ಹೊಗೆಗೆ ಕೆಂಪಾಗಿದ್ದವು, ಕೇಳಲಿಲ್ಲ.

ದಸರಾಕ್ಕೆ ವಾರ ಇರುವಾಗ ಜಯಮ್ಮ ಮತ್ತೆ ಕರೆದರು. ಚೀಟಿ ಇದ್ದವರದು ಆಯಿತು, ಆಸ್ಪತ್ರೆಗೆ ಬಂದವರದೂ ಆಯಿತು. "ಬರದೇ ಇರೋರ್ದು ಏನ್ ಮಾಡಾನ ಕಣವ್ವ? ಮೊದ್ಲಾದ್ರೆ ಪಟ್ಟಿ ನೋಡಿ, ಇಂಥೋರು ಈ ತಿಂಗ್ಳು ಬರ್ಲಿಲ್ಲ ಅಂತ ಹೇಳ್ಕಳಿಸ್ತಿದ್ದೆ. ಈಗ ಯಾರ್ ಬಂದಿಲ್ಲ ಅಂತ್ಲೇ ಗೊತ್ತಾಯ್ತಿಲ್ಲ" ಎಂದರು.

ಅದು ನನಗೆ ಹೊಳೆದೇ ಇರಲಿಲ್ಲ. ದೀಪಾವಳಿಯಿಂದೀಚೆಗೆ ಹೊಸದಾಗಿ ಕಾಯಿಲೆ ಪತ್ತೆಯಾದ ಮಕ್ಕಳ ಹೆಸರು ಎಲ್ಲೂ ಇರಲಿಲ್ಲ. ಅವರು ಬಾರದಿದ್ದರೆ ಬರಲಿಲ್ಲವೆಂದು ತಿಳಿಯುವ ದಾರಿಯೂ ಇರಲಿಲ್ಲ. ಜಯಮ್ಮನವರ ನೆನಪು ಒಳ್ಳೆಯದು, ಆದರೂ ಎಷ್ಟು ಮುಖಗಳನ್ನು ನೆನಪಿಡುತ್ತಾರೆ? ನಾವಿಬ್ಬರೂ ಒಂದು ಇನ್ನೂರು ಪುಟದ ನೋಟ್‌ಪುಸ್ತಕ ಹಿಡಿದು ಹಾಡಿ ಹಾಡಿ ನಡೆದೆವು. ಮಳೆ ಸಣ್ಣದಾಗಿತ್ತು. ಕೆಸರಿನಲ್ಲಿ ಅವರ ಚಪ್ಪಲಿ ಕಿತ್ತುಹೋಗಿ ಬರಿಗಾಲಿನಲ್ಲೇ ನಡೆದರು. ಮನೆ ಮನೆಯ ಮುಂದೆ ನಿಂತು, ಮಕ್ಕಳಿಗೆ ಕೈಕಾಲು ನೋವು ಬರುತ್ತದೆಯೇ, ಆಸ್ಪತ್ರೆಯಲ್ಲಿ ರಕ್ತ ತೆಗೆದಿದ್ದರೇ ಎಂದು ಕೇಳಿದೆವು. ಒಬ್ಬ ಅಜ್ಜ ತನ್ನ ಮೊಮ್ಮಗನ ಹೆಸರು ಕೇಳಿದ್ದಕ್ಕೆ, "ಅವತ್ತು ನೀವು ಏನ್ ಬರ್ಕೊಂಡ್ರೋ ಅದೇ ಬರ್ಕಳಿ" ಎಂದ.

ಕೊನೆಯ ಹಾಡಿಯಲ್ಲಿ ನಾಲ್ಕು ಮನೆಗಳ ಬಾಗಿಲಿಗೆ ಬಿದಿರಿನ ತಟ್ಟಿ ಕಟ್ಟಿತ್ತು. ಕೊಡಗಿಗೆ ಹೋಗಿದ್ದಾರೆ, ತೋಟದ ಕೆಲಸಕ್ಕೆ ಎಂದು ಪಕ್ಕದ ಮನೆಯ ಹೆಂಗಸು ಹೇಳಿದಳು. ಯಾವ ತೋಟ ಎಂದರೆ ಗೊತ್ತಿಲ್ಲ. ಜೀಪು ಬಂತು, ಹತ್ತಿಕೊಂಡು ಹೋದರು.

"ಮಕ್ಳೂ ಹೋದ್ವಾ?" ಜಯಮ್ಮ ಕೇಳಿದರು.

"ಹೋದೊ. ಈ ಮನೇದು ಒಂದು, ಆ ಮನೇದು ಎಲ್ಡು. ಅದ್ಕೆ ನೋವು ಬತ್ತಿತ್ತು, ರಾಗಿ ಬಿಸಿ ಮಾಡಿ ಕಟ್ತಿದ್ರು."

"ಯಾವ್ ಮಗೀಗೆ? ಹೆಸ್ರೇನು?"

"ಪುಟ್ಟಿ ಅಂತೀವಿ."

ಜಯಮ್ಮ ನನ್ನ ಕಡೆ ತಿರುಗಿ, "ಬರ್ಕೋ" ಎಂದರು. ನಾನು ಪುಸ್ತಕ ಬಿಡಿಸಿ, ಹಾಡಿಯ ಹೆಸರು ಹಾಕಿ, ಅದರ ಮುಂದೆ ಪುಟ್ಟಿ ಎಂದು ಬರೆದೆ. ವಯಸ್ಸು ಎಂಬಲ್ಲಿ ಏನು ಬರೆಯಲಿ ಎಂದು ಕೇಳಿದೆ. ಆ ಹೆಂಗಸು ತನ್ನ ಸೊಂಟದ ಹತ್ತಿರ ಕೈಯನ್ನು ಅಡ್ಡ ಹಿಡಿದು ಇಷ್ಟೆತ್ತರ ಎಂದು ತೋರಿಸಿದಳು.